ಯು ಬೇಡದ ಕ್ಯೂ

ಪತ್ರ: ನನ್ನ ಮಗಳು ಸ್ಕ್ರ್ಯಾಬಲ್ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಆಟ ಅದು. ಯು ಅಕ್ಷರ ಸೇರದೆ ಬರೀ ಕ್ಯೂ ಇರುವ ಇಂಗ್ಲಿಷ್ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾಳೆ. ಅರ್ಥ ಕೇಳಿದರೆ, ‘ಆಟಕ್ಕೆ ಅರ್ಥ ಬೇಡ ಅಪ್ಪಾ’ ಅನ್ನುತ್ತಾಳೆ. ಅವಳು ಹೇಳುವುದು ಸರಿಯೇ?
– ಒಬ್ಬ ಓದುಗ, ಹಾಸನ

ಉತ್ತರ: ಆಟದ ಮಟ್ಟಿಗೆ ಸರಿ. ಅಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್‌ಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಆದರೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. ಇನ್ನು, ಆಟದ 100 ಬಿಲ್ಲೆಗಳಲ್ಲಿ ಕ್ಯೂ ಒಂದೇ ಒಂದು, ಯು ನಾಲ್ಕು. ಇಂಗ್ಲಿಷಿನಲ್ಲಿ ಕ್ಯೂ ಬಂದರೆ ಬೆನ್ನಿಗೆ ಸಾಮಾನ್ಯವಾಗಿ ಯು ಬೇಕು. ಯು ಸಿಗದೆ ಕೊನೆಗೆ ಕ್ಯೂ ಕೈಯಲ್ಲೇ ಉಳಿದರೆ 10 ಅಂಕ ಹೋಯಿತು. ಪಟ್ಟಿ ಬೇಕು, ಒಪ್ಪಿದೆ.

ಆದರೆ ಸಾರ್, ನಿಮ್ಮ ಪ್ರಶ್ನೆಯನ್ನು ನೀವು ಬಿಟ್ಟುಕೊಡಬೇಡಿ. ಮಗಳ ಉತ್ತರ ಕೇಳಿ ಸುಮ್ಮನಾದಿರಲ್ಲ, ಅದೊಂದೇ ನಿಮ್ಮ ತಪ್ಪು.

ಕ್ಯೂ ಬೆನ್ನಿಗೆ ಯು ಅಂಟಿಕೊಂಡಿದ್ದು 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರ. ಅದು ಫ್ರೆಂಚ್ ಬರಹದ ರೂಢಿ. ಅದಕ್ಕೂ ಮೊದಲು ಕ್ವೀನ್ ಪದವನ್ನೂ ಸಿ ಅಕ್ಷರದಿಂದಲೇ ಶುರು ಮಾಡುತ್ತಿದ್ದರು. ಯು ಬೇಡದ ಪದಗಳು ಹೆಚ್ಚಾಗಿ ದೂರದಿಂದ ಬಂದವು. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಹೊರಡುವ ಒಂದು ‘ಕ’ ಇದೆ. ಅದನ್ನು ತೋರಿಸಲು ಕ್ಯೂ ಬಳಸಿದರು. ನಮ್ಮ ಊರುಗಳಲ್ಲಿ ದಿನಾ ಕೇಳುವ ಫಕೀರ (faqir), ಬುರ್ಖಾ (burqa) ಎರಡೂ ಆ ಪಟ್ಟಿಯಲ್ಲಿವೆ. ಕೋಫ್ (qoph) ಅಂದರೆ ಹೀಬ್ರೂ ಭಾಷೆಯ ಒಂದು ಅಕ್ಷರ. ಎರಡೇ ಅಕ್ಷರದ ‘ಚಿ’ (qi) ಚೀನಾದ್ದು, ಉಸಿರು, ಜೀವಶಕ್ತಿ ಎಂದು ಅರ್ಥ. ಉತ್ತರ ಅಮೆರಿಕದ ಆಟಗಾರರ ಪಟ್ಟಿಗೆ ಅದು ಸೇರಿದ್ದು 2006ರಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಕನಾತ್’ (qanat). ಇರಾನಿನ ಒಣ ನೆಲದಲ್ಲಿ ಗುಡ್ಡದ ಬುಡದಲ್ಲಿ ಅಂತರ್ಜಲ ಸಿಗುವವರೆಗೆ ಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ನೆಲದೊಳಗೇ ಸ್ವಲ್ಪ ಇಳಿಜಾರಾಗಿ ಸುರಂಗ ಕೊರೆಯುತ್ತಾರೆ. ಮಣ್ಣು ಎತ್ತಲು, ಗಾಳಿ ಆಡಲು ನಡುನಡುವೆ ಬಾವಿಗಳು. ಪಂಪು ಬೇಡ, ಏತ ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಬಿಸಿಲಿಗೆ ಆವಿಯಾಗುವ ಭಯವೂ ಇಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಇದೇ ವಿದ್ಯೆ ಬೀದರ್‌ಗೆ ಬಂತು. ನೌಬಾದ್‌ನಲ್ಲಿ ಇವತ್ತಿಗೂ ಇದೆ. ಕರೇಜ್ ಅಂತಾರೆ, ಸುರಂಗ ಬಾವಿ ಅಂತಲೂ ಅಂತಾರೆ. ನಿಮ್ಮ ಮಗಳು ಐದು ಬಿಲ್ಲೆ ಜೋಡಿಸುವಾಗ ನಮ್ಮದೇ ಜಿಲ್ಲೆಯೊಂದರ ನೀರಿನ ಕಥೆಯನ್ನು ಮುಟ್ಟಿರುತ್ತಾಳೆ. ಅದು ಅವಳಿಗೆ ಗೊತ್ತಿಲ್ಲದಿದ್ದರೆ ನಷ್ಟ ಅಲ್ವಾ? ಅವಳ ಪಟ್ಟಿಯ ಪಕ್ಕದಲ್ಲಿ ಒಂದು ಗೆರೆ ಎಳೆದುಕೊಡಿ. ಅರ್ಥವನ್ನೂ, ಪದ ಹೊರಟ ಊರನ್ನೂ ಅವಳೇ ಹುಡುಕಿ ಬರೆಯಲಿ. ಕಥೆ ಅಂಟಿಕೊಂಡ ಪದ ಸ್ಪರ್ಧೆಯ ಗಡಿಬಿಡಿಯಲ್ಲೂ ಬೇಗ ನೆನಪಾಗುತ್ತದೆ.

ಮಗುವನ್ನು ಬೈದು ಪ್ರಯೋಜನವಿಲ್ಲ. ಒಂದನೇ ಕ್ಲಾಸಿನಿಂದ ನಾವು ಕಲಿಸಿದ್ದೇ ಇದು. ಪದ್ಯ ಒಪ್ಪಿಸಿದರೆ ಚಪ್ಪಾಳೆ, ಪದ್ಯದ ಬಗ್ಗೆ ಪ್ರಶ್ನೆ ಕೇಳಿದರೆ ‘ಪರೀಕ್ಷೆಗೆ ಬರಲ್ಲ, ಕೂತ್ಕೋ’. ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಜಿ. ವೆಂಕಟಸುಬ್ಬಯ್ಯನವರು ನೂರು ದಾಟಿದ ಮೇಲೂ ಪದಗಳ ಬೇರು ಕೆದಕುತ್ತಿದ್ದರು. ಅಂಥವರ ನಾಡಿನಲ್ಲಿ ಎಷ್ಟೋ ಶಾಲೆಗಳ ನಿಘಂಟು ಗಾಜಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ‘ಮಕ್ಕಳು ಹರಿದುಹಾಕ್ತಾರೆ’ ಅನ್ನುತ್ತಾರೆ. ಹರಿಯಲಿ ಬಿಡಿ, ಇನ್ನೊಂದು ಕೊಳ್ಳಿ. ಮುಂದಿನ ಪೋಷಕರ ಸಭೆಯಲ್ಲಿ ಆ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೀವೇ ಎದ್ದು ಕೇಳಿ.