ತಾಯಿ ಹಾಲಿನ ಪ್ರೋಟೀನ್ ಮಗುವನ್ನು ಬ್ಯಾಕ್ಟೀರಿಯಾದಿಂದ ಹೇಗೆ ಕಾಪಾಡುತ್ತದೆ?

ಮುಖ್ಯವಾಗಿ ಎರಡು ರೀತಿ: ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವಿ, ಇಲ್ಲವೇ ಕರುಳಿಗೆ ಅಂಟದಂತೆ ತಡೆದು. ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣದ ಅಂಶ ಬೇಕೇ ಬೇಕು. ಹಾಲಿನ ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನ್ ಅದನ್ನು ಮೊದಲೇ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಇದಲ್ಲದೆ ಲೈಸೋಜೈಮ್ ಎಂಬ ಇನ್ನೊಂದು ಪ್ರೋಟೀನ್ ಕೆಲವು ಬ್ಯಾಕ್ಟೀರಿಯಾದ ಹೊರಗೋಡೆಯನ್ನೇ ಒಡೆಯುತ್ತದೆ.

ನನಗೆ ತುಂಬಾ ಅಚ್ಚರಿ ಅನಿಸುವುದು ಐಜಿಎ. ಇದು ಪ್ರತಿಕಾಯ, ಅಂದರೆ ರೋಗಾಣುವನ್ನು ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳುವ ಪ್ರೋಟೀನ್. ರೋಗಾಣು ಕರುಳಿಗೆ ಅಂಟದಂತೆ ತಡೆಯುವುದು ಇದೇ. ದಾವಣಗೆರೆಯ ಬಾಣಂತಿ ಕುಡಿದ ನೀರು, ಉಂಡ ರೊಟ್ಟಿಯ ಜೊತೆ ಯಾವ ರೋಗಾಣು ಅವಳ ಕರುಳಿಗೆ ಹೋಯಿತೋ, ಅದಕ್ಕೆ ತಕ್ಕ ಐಜಿಎ ಅವಳ ಹಾಲಿಗೂ ಬರುತ್ತದೆ. ಮಗುವಿಗೆ ತಾಗುವುದೂ ಅದೇ ಮನೆಯ ರೋಗಾಣು ಅಲ್ವಾ?

ಐಜಿಎ, ಲ್ಯಾಕ್ಟೋಫೆರಿನ್ ಎರಡೂ ಜಾಸ್ತಿ ಇರುವುದು ಮೊದಲ ದಿನಗಳ ಹಳದಿ ಗಿಣ್ಣು ಹಾಲಿನಲ್ಲಿ. 'ಕೆಟ್ಟ ಹಾಲು' ಅಂತ ಅದನ್ನು ಹಿಂಡಿ ಚೆಲ್ಲುವುದನ್ನು ನಮ್ಮ ಕಡೆ ನೋಡಿದ್ದೇನೆ, ಸಂಕಟವಾಗುತ್ತದೆ.