ಟಕೀಲಾವನ್ನು ಅಮೆರಿಕದವರು ಕೆಡಿಸಿದರಾ?

ನೀವು ಕೇಳಿದ್ದು ಇಷ್ಟು: ಉಪ್ಪು ನೆಕ್ಕಿ, ಟಕೀಲಾವನ್ನು ಒಂದೇ ಸಲಕ್ಕೆ ಗಂಟಲಿಗೆ ಸುರಿದು, ನಿಂಬೆಹೋಳು ಕಚ್ಚುವುದು ನಿಜವಾಗಿಯೂ ಮೆಕ್ಸಿಕೋದ ಪದ್ಧತಿಯಾ, ಇಲ್ಲಾ ಅಮೆರಿಕದವರು ಪಾರ್ಟಿಗೆಂದು ಕಟ್ಟಿದ್ದಾ? ಬಾಟಲಿಯಲ್ಲಿ ಹುಳು ಇರುತ್ತದಂತೆ, ಹೌದಾ? ನಮ್ಮ ಕತ್ತಾಳೆಯಿಂದಲೂ ಟಕೀಲಾ ಮಾಡಬಹುದಾ?

ಹುಳು, ಕತ್ತಾಳೆ ಎರಡಕ್ಕೂ ಕೊನೆಗೆ ಬರುತ್ತೇನೆ. ಮೊದಲ ಪ್ರಶ್ನೆಗೆ ಉತ್ತರ ಸಲೀಸು. ಮೆಕ್ಸಿಕೋದಲ್ಲಿ ಒಳ್ಳೆಯ ಟಕೀಲಾ ಸಿಕ್ಕರೆ ನಿಧಾನವಾಗಿ ಗುಟುಕರಿಸುತ್ತಾರೆ. ಪಕ್ಕದಲ್ಲಿ ಸಾಂಗ್ರಿತಾ ಅಂತ ಹುಳಿಖಾರದ ಕೆಂಪು ರಸ ಇಟ್ಟುಕೊಂಡು, ಇದೊಂದು ಗುಟುಕು ಅದೊಂದು ಗುಟುಕು. ಉಪ್ಪು, ನಿಂಬೆ ಅಲ್ಲಿಯೂ ಉಂಟು, ಆದರೆ ಅದಿಲ್ಲದೆ ಕುಡಿಯಲೇಬಾರದು ಅಂತೇನಿಲ್ಲ. ಅಗ್ಗದ ಸರಕಿನ ಉರಿ ಮುಚ್ಚಲು ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅಷ್ಟೇ.

ಆದರೆ "ಅಮೆರಿಕದವರು ಟಕೀಲಾ ಕೆಡಿಸಿದರು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಅಮೆರಿಕದವರು ಯಾರು ಅಂತ ಹುಡುಕಿಕೊಂಡು ಹೋದರೆ ಪದೇ ಪದೇ ಸಿಗುವವರು ಮೆಕ್ಸಿಕನ್ ಮೂಲದವರೇ.

ನಾನಿರುವುದು ಟೆಕ್ಸಾಸ್‌ನಲ್ಲಿ. ಆಫೀಸಿನಲ್ಲೂ ಅಕ್ಕಪಕ್ಕದ ಮನೆಗಳಲ್ಲೂ ಮೆಕ್ಸಿಕನ್ ಅಮೆರಿಕನ್ನರು ಜಾಸ್ತಿ. ಕೆಲವರ ಮನೆತನ ಟೆಕ್ಸಾಸ್ ಅಮೆರಿಕಕ್ಕೆ ಸೇರುವ ಮೊದಲಿನಿಂದಲೂ ಇಲ್ಲೇ ಇದೆ. "ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು" ಅಂತ ಇವರಲ್ಲೊಂದು ಮಾತಿದೆ. ಟಕೀಲಾದ ಕಥೆ ಇವರನ್ನು ಬಿಟ್ಟು ಹೇಳಲು ಆಗುವುದಿಲ್ಲ.

ಮೊದಲು ಊರು. ಟಕೀಲಾ ಅನ್ನುವುದು ಹಲಿಸ್ಕೋ ರಾಜ್ಯದ ಒಂದು ಪಟ್ಟಣ, ಗ್ವಾಡಲಹಾರದಿಂದ ಸುಮಾರು 60 ಕಿಲೋಮೀಟರ್. ಹಿಂದೆ ಆರಿದ ಜ್ವಾಲಾಮುಖಿ, ಸುತ್ತ ಕಣ್ಣು ಹಾಯಿಸಿದಷ್ಟು ದೂರ ಕತ್ತಾಳೆಯ ಜಾತಿಯ ನೀಲಿ ಅಗಾವೆ ಗಿಡಗಳ ಸಾಲು. ಇನ್ನೇನು ಊರು ಬಂತು ಅನ್ನುವಾಗಲೇ ಬೆಂದ ಅಗಾವೆಯ ಸಿಹಿ ವಾಸನೆ ಮೂಗಿಗೆ ಬಡಿಯುತ್ತದೆ. ಗಿಡ ಬಲಿಯಲು ಆರೇಳು ವರ್ಷ ಬೇಕು. ಹಿಮದೋರ್ ಅನ್ನುವ ಕೆಲಸಗಾರ ಉದ್ದ ಹಿಡಿಯ, ದುಂಡನೆ ಅಲಗಿನ ಕೋವಾ ಹಿಡಿದು ಎಲೆಗಳನ್ನೆಲ್ಲ ಸವರಿ ಹಾಕುತ್ತಾನೆ. ಉಳಿಯುವ ಗಡ್ಡೆಯಂಥ ತಿರುಳು ಎಷ್ಟೋ ಸಲ 40, 50 ಕಿಲೋ ತೂಗುತ್ತದೆ. ಅದನ್ನು ಬೇಯಿಸಿ, ಹಿಂಡಿ, ಹುಳಿಸಿ, ಬಟ್ಟಿ ಇಳಿಸಿದರೆ ಟಕೀಲಾ. ಕುವೆರ್ವೋ ಮನೆತನಕ್ಕೆ ಸ್ಪೇನ್ ರಾಜನಿಂದ ಭೂಮಿ ಸಿಕ್ಕಿದ್ದು 1758ರಲ್ಲಿ, ಬಟ್ಟಿ ಇಳಿಸಲು ಪರವಾನಗಿ ಸಿಕ್ಕಿದ್ದು 1795ರಲ್ಲಿ. ಈ ಬಯಲು ಮತ್ತು ಹಳೆಯ ಭಟ್ಟಿಗಳು 2006ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ.

ಹಾಗಂತ ಇದು ಅನಾದಿಕಾಲದಿಂದಲೂ ಇಡೀ ಮೆಕ್ಸಿಕೋದ ಪಾನೀಯ ಅಂದುಕೊಳ್ಳಬೇಡಿ. ಸ್ಪೇನ್‌ನವರು ಬರುವ ಮೊದಲು ಮಧ್ಯ ಮೆಕ್ಸಿಕೋದಲ್ಲಿ ಇದ್ದದ್ದು ಪುಲ್ಕೆ. ಅದೂ ಅಗಾವೆಯದೇ, ಆದರೆ ಬಟ್ಟಿ ಇಳಿಸದೆ ರಸವನ್ನು ಹುಳಿಸಿದ ಬೆಳ್ಳನೆ ಕಳ್ಳು. ಅದಕ್ಕೆ ಮಾಯಾವೆಲ್ ಅಂತ ದೇವತೆಯೂ ಇದ್ದಳು, ಅವಳಿಗೆ ಅಮಲಿನ ದೇವರುಗಳಾದ 400 ಮೊಲಗಳು ಮಕ್ಕಳು. (ಕುಡಿದವನು ಎಷ್ಟು ಬಗೆಯಾಗಿ ಆಡಬಲ್ಲ ಅಂತ ಲೆಕ್ಕ ಹಾಕಿಯೇ ಈ ಸಂಖ್ಯೆ ಹೇಳಿರಬೇಕು.) 19ನೇ ಶತಮಾನದ ಕೊನೆಗೆ ಪೊರ್ಫಿರಿಯೋ ದಿಯಾಸ್ ಆಳುತ್ತಿದ್ದಾಗ ಸಿರಿವಂತರ ಕಣ್ಣೆಲ್ಲ ಪ್ಯಾರಿಸ್ ಮೇಲೆ. ಅವರ ಮೇಜಿನ ಮೇಲೆ ಇರುತ್ತಿದ್ದದ್ದು ಫ್ರೆಂಚ್ ವೈನ್, ಕೊನ್ಯಾಕ್.

1910ರ ಕ್ರಾಂತಿ ಇದನ್ನೆಲ್ಲ ತಿರುಗಿಸಿತು. ಹೊಸ ಸರ್ಕಾರಗಳಿಗೆ "ನಮ್ಮದು" ಅಂತ ತೋರಿಸಲು ಏನಾದರೂ ಬೇಕಿತ್ತು. ಹಲಿಸ್ಕೋ ಸೀಮೆಯ ಚಾರ್ರೋ ಕುದುರೆ ಸವಾರ, ಮರಿಯಾಚಿ ವಾದ್ಯದವರು, ಟಕೀಲಾ, ಮೂರೂ ಒಟ್ಟಿಗೆ ಇಡೀ ದೇಶದ ಗುರುತಾದವು. ಇದನ್ನು ಮಾಡಿದ್ದು ಜಾಸ್ತಿ ಸಿನಿಮಾ ಮತ್ತು ರೇಡಿಯೋ. 1936ರ "ಆಯಾ ಎನ್ ಎಲ್ ರಾಂಚೋ ಗ್ರಾಂದೆ" ಗೆದ್ದ ಮೇಲೆ ಚಾರ್ರೋ ಸಿನಿಮಾಗಳ ಸುರಿಮಳೆ. ಹೋರ್ಹೆ ನೆಗ್ರೆತೆ, ಪೇದ್ರೋ ಇನ್ಫಾಂತೆ ದೊಡ್ಡ ಟೋಪಿ ಹಾಕಿ, ಕಾಂತಿನಾ ಅನ್ನುವ ಹೆಂಡದಂಗಡಿಯ ಮೇಜಿಗೆ ಒರಗಿ, ಕೈಯಲ್ಲಿ ಗ್ಲಾಸು ಹಿಡಿದು ಹಾಡಿದರು. ಯುಕತಾನಿನ ಹಳ್ಳಿಯವನೂ ಉತ್ತರದ ಮರಳುಗಾಡಿನವನೂ ಅದನ್ನು ನೋಡಿ "ಇದು ನಾವು" ಅಂದುಕೊಂಡರು. ಅವರಲ್ಲಿ ಎಷ್ಟೋ ಜನರ ಊರಲ್ಲಿ ಒಂದು ನೀಲಿ ಅಗಾವೆಯೂ ಬೆಳೆಯುವುದಿಲ್ಲ. ಅಂದರೆ ಮೆಕ್ಸಿಕೋದ "ಅಸಲಿ" ಟಕೀಲಾ ಚಿತ್ರವೂ ಸ್ಟುಡಿಯೋದಲ್ಲೇ ತಯಾರಾದದ್ದು.

ಅದಕ್ಕೆ ಜೀವ ತುಂಬಿದವನು ನನ್ನ ಮಟ್ಟಿಗೆ ಹೋಸೆ ಆಲ್ಫ್ರೆದೋ ಹಿಮೆನೆಸ್. 1926ರಲ್ಲಿ ದೋಲೋರೆಸ್ ಹಿದಾಲ್ಗೋದಲ್ಲಿ ಹುಟ್ಟಿದವನು. ಒಂದು ವಾದ್ಯವನ್ನೂ ಕಲಿತವನಲ್ಲ, ಹೋಟೆಲಿನಲ್ಲಿ ಮಾಣಿಯಾಗಿದ್ದವನು. ನೂರಾರು ಹಾಡು ಕಟ್ಟಿದ. ಅವನ ಹಾಡಿನ ಗಂಡಸು ಪ್ರೀತಿಯಲ್ಲಿ ಸೋತು ಕಾಂತಿನಾದ ಮೂಲೆಯಲ್ಲಿ ಕೂತಿರುತ್ತಾನೆ. ಮರೆಯಲೆಂದು ಟಕೀಲಾ ತರಿಸುತ್ತಾನೆ, ಮರಿಯಾಚಿ ಶುರುವಾದ ಕೂಡಲೇ ಮರೆಯುವ ಬದಲು ಅಳುತ್ತಾನೆ. ಮೀಸೆ ಹೊತ್ತ ಗಂಡಸು ನಾಲ್ಕು ಜನರ ಮುಂದೆ ಅಳಲು ಅಲ್ಲಿ ಸಿಕ್ಕಿದ್ದ ಒಂದೇ ಪರವಾನಗಿ ಅದು. ಹಾಡಿದವನೂ ಉಳಿಯಲಿಲ್ಲ. 1973ರಲ್ಲಿ, 47ನೇ ವಯಸ್ಸಿಗೆ, ಲಿವರ್ ಕಾಯಿಲೆಯಿಂದ ಹೋದ. ಅವನ ಸಮಾಧಿಯನ್ನು ದೊಡ್ಡ ಸೊಂಬ್ರೆರೋ ಟೋಪಿಯ ಆಕಾರದಲ್ಲೇ ಕಟ್ಟಿದ್ದಾರೆ.

ಅವನ ಹಾಡುಗಳನ್ನು ಚಾವೆಲಾ ವಾರ್ಗಾಸ್ ಹಾಡಿದ್ದನ್ನು ಕೇಳಿ. ಕೋಸ್ಟರಿಕಾದಲ್ಲಿ ಹುಟ್ಟಿ ಮೆಕ್ಸಿಕೋಗೆ ಬಂದವಳು. ಪೊಂಚೋ ಹೊದ್ದು, ಗಂಡು ಹೆಣ್ಣಿಗಾಗಿ ಹಾಡುವ ಹಾಡನ್ನು ಹಾಗೆಯೇ, ಒಂದಕ್ಷರ ಬದಲಿಸದೆ ಹಾಡಿದಳು. ಟಕೀಲಾ ಅವಳನ್ನು ವರ್ಷಗಟ್ಟಲೆ ವೇದಿಕೆಯಿಂದ ದೂರ ಇಟ್ಟಿತು. ಬಿಟ್ಟ ಮೇಲೆ ಎಪ್ಪತ್ತು ದಾಟಿದವಳು ಮತ್ತೆ ಬಂದು ಹಾಡಿದಳು.

ಇನ್ನು ಗಡಿಯ ಈಚೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ರಿಯೋ ಗ್ರಾಂದೆ ನದಿಯ ದಡದ ಜನರಿಗೆ ಹೊಸ ಕೆಲಸ ಸಿಕ್ಕಿತು. ಕತ್ತೆ, ಕುದುರೆಗಳ ಮೇಲೆ ಬಾಟಲಿ ಹೇರಿಕೊಂಡು, ರಾತ್ರಿ ನದಿ ದಾಟಿ, ಮುಳ್ಳುಪೊದೆಗಳ ನಡುವೆ ಉತ್ತರಕ್ಕೆ ನಡೆಯುತ್ತಿದ್ದರು. ಅವರನ್ನು ತೆಕಿಲೆರೋಸ್ ಅಂತ ಕರೆದರು. ರಾಜ್ಯದ ಪೊಲೀಸರಾದ ಟೆಕ್ಸಾಸ್ ರೇಂಜರ್‌ಗಳು ಹೊಂಚು ಹಾಕಿ ಗುಂಡು ಹಾರಿಸುತ್ತಿದ್ದರು. ಪತ್ರಿಕೆಗಳಿಗೆ ಇವರು ಕಳ್ಳಸಾಗಣೆಯವರು. ದಕ್ಷಿಣ ಟೆಕ್ಸಾಸ್‌ನ ಮೆಕ್ಸಿಕನ್ನರಿಗೆ ಮಾತ್ರ ವೀರರು. ಅವರ ಸಾವಿನ ಮೇಲೆ ಕೊರ್ರಿದೋ ಕಟ್ಟಿದರು, ಅಂದರೆ ಕಥೆ ಹೇಳುವ ಲಾವಣಿ. ಅವುಗಳಲ್ಲಿ ರೇಂಜರ್‌ಗಳು ಹೇಡಿಗಳು, ಹತ್ತು ಜನ ಸೇರದೆ ಒಬ್ಬನ ಮುಂದೆ ನಿಲ್ಲದವರು. ಈ ಹಾಡುಗಳಲ್ಲಿ ಟಕೀಲಾ ಇದೆ, ಪಾರ್ಟಿ ಎಲ್ಲೂ ಇಲ್ಲ.

ಪಾರ್ಟಿ ಬಂದದ್ದು 1958ರಲ್ಲಿ. ಆ ಸ್ಯಾಕ್ಸಫೋನ್ ಹಾಡು ನೀವು ಖಂಡಿತ ಕೇಳಿದ್ದೀರಿ. ಮಾತೇ ಇಲ್ಲ, ನಡುನಡುವೆ ಒಂದು ದಪ್ಪ ಗಂಟಲು "ಟಕೀಲಾ!" ಅನ್ನುತ್ತದೆ. ದಿ ಚಾಂಪ್ಸ್ ಅನ್ನುವ ತಂಡದ್ದು. ಬರೆದವನು, ಸ್ಯಾಕ್ಸ್ ಊದಿದವನು, ಆ ಒಂದು ಪದ ಕೂಗಿದವನು ಮೂರೂ ಒಬ್ಬನೇ: ಡ್ಯಾನಿ ಫ್ಲೋರೆಸ್, ಕ್ಯಾಲಿಫೋರ್ನಿಯಾದ ಸಾಂತಾ ಪೌಲಾದಲ್ಲಿ ಹುಟ್ಟಿದ ಮೆಕ್ಸಿಕನ್ ಅಮೆರಿಕನ್. ರೆಕಾರ್ಡಿನ ಹಿಂಬದಿ ತುಂಬಲು ಅಂತ ಮಾಡಿದ್ದು ಅದು. ರೇಡಿಯೋದವರು ತಿರುಗಿಸಿ ಹಾಕಿದರು, ದೇಶದಲ್ಲಿ ನಂಬರ್ ಒನ್ ಆಯಿತು. ಮೊದಲ ಗ್ರ್ಯಾಮಿ ಸಮಾರಂಭದಲ್ಲಿ ಪ್ರಶಸ್ತಿಯೂ ಬಂತು. ಆದರೆ ಅವನ ಹೆಸರು ಅಚ್ಚಾದದ್ದು ಚಕ್ ರಿಯೋ ಅಂತ. ಬೇರೆ ಕಂಪನಿಯ ಜೊತೆ ಒಪ್ಪಂದ ಇದ್ದದ್ದರಿಂದ ಹಾಗಾಯಿತು. ಅದೇ ವರ್ಷ ಇನ್ನೊಬ್ಬ ಕ್ಯಾಲಿಫೋರ್ನಿಯಾ ಹುಡುಗ, ರಿಕಾರ್ಡೋ ವಲೆನ್ಸುವೇಲಾ, ರಿಚಿ ವಾಲೆನ್ಸ್ ಅನ್ನುವ ಹೆಸರಲ್ಲಿ "ಲಾ ಬಾಂಬಾ" ಹಾಡಿದ. ಮೆಕ್ಸಿಕೋದ ಸದ್ದು ಎಲ್ಲರಿಗೂ ಬೇಕಿತ್ತು, ಹಾಡಿದವನ ಸ್ಪ್ಯಾನಿಷ್ ಹೆಸರು ಮಾತ್ರ ಲೇಬಲ್ ಮೇಲೆ ಪೂರ್ತಿ ಬರಲಿಲ್ಲ.

ಟಕೀಲಾಗೆ ನಿಂಬೆರಸ ಬೆರೆಸುವ ಮಾರ್ಗರೀಟಾ ಕಾಕ್‌ಟೇಲನ್ನು ಯಾರು ಕಂಡುಹಿಡಿದರು ಅಂತ ಕೇಳಬೇಡಿ. ತಿಹುವಾನಾದಿಂದ ಅಕಪುಲ್ಕೋವರೆಗೆ ಪ್ರತಿ ಊರಿಗೂ ಒಂದು ಕಥೆ ಇದೆ, ಪ್ರತಿ ಕಥೆಯಲ್ಲೂ ಒಬ್ಬ ಚೆಲುವೆ ಇದ್ದಾಳೆ. ಖಚಿತವಾಗಿ ಗೊತ್ತಿರುವುದು ಫ್ರೋಜನ್ ಮಾರ್ಗರೀಟಾ ಯಂತ್ರದ ಕಥೆ, ಮತ್ತು ಅದು ನನಗೆ ಬಹಳ ಇಷ್ಟ. ಟೆಕ್ಸಾಸ್‌ನ ಬಾರುಗಳಲ್ಲಿ ಗ್ಲಾಸಿನ ಲೆಕ್ಕದಲ್ಲಿ ಕಾಕ್‌ಟೇಲ್ ಮಾರಲು ಅವಕಾಶ ಸಿಕ್ಕಿದ್ದೇ 1970ರ ನಂತರ. 1971ರಲ್ಲಿ ಡಲ್ಲಾಸ್‌ನಲ್ಲಿ ಮರಿಯಾನೋ ಮಾರ್ಟಿನೆಸ್ ಅನ್ನುವ ಯುವಕ ಹೋಟೆಲ್ ತೆರೆದ. ಅಪ್ಪನ ಮಾರ್ಗರೀಟಾ ಅಳತೆಯನ್ನೇ ಇಟ್ಟುಕೊಂಡ. ಜನ ಮುಗಿಬಿದ್ದರು, ಬ್ಲೆಂಡರ್ ತಿರುಗಿಸಿ ತಿರುಗಿಸಿ ಬಾರಿನವನಿಗೆ ಸಾಕಾಯಿತು, ಒಂದೊಂದು ಗ್ಲಾಸಿಗೆ ಒಂದೊಂದು ರುಚಿ. ಹೀಗಿರುವಾಗ ಸೆವೆನ್-ಇಲೆವೆನ್ ಅಂಗಡಿಯಲ್ಲಿ ಸ್ಲರ್ಪಿ ಅನ್ನುವ ಐಸ್ ಪಾನೀಯದ ಯಂತ್ರ ಅವನ ಕಣ್ಣಿಗೆ ಬಿತ್ತು. ಒಂದು ಹಳೆಯ ಐಸ್‌ಕ್ರೀಮ್ ಯಂತ್ರ ತಂದು ಬದಲಾಯಿಸಿ, ಅದರಲ್ಲೇ ಮಾರ್ಗರೀಟಾ ತಿರುಗಿಸಿದ. ಪೇಟೆಂಟ್ ಮಾಡಿಸಲಿಲ್ಲ. ದೇಶವೆಲ್ಲ ಅದನ್ನು ನಕಲು ಮಾಡಿತು. ಆ ಮೊದಲ ಯಂತ್ರ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಶುದ್ಧವಾದಿಗಳು ಈ ಹಸಿರು ಐಸ್ ಕಂಡರೆ ಮುಖ ಸಿಂಡರಿಸುತ್ತಾರೆ. ನಾನು ಸಿಂಡರಿಸುವುದಿಲ್ಲ. ಟೆಕ್ಸಾಸ್‌ನ ಆಗಸ್ಟ್ ಬಿಸಿಲು ಕಂಡವರು ಯಾರೂ ಸಿಂಡರಿಸಬಾರದು.

ಮೇ 5ರ ಹಬ್ಬದ್ದೂ ಇದೇ ಕಥೆ. 1862ರಲ್ಲಿ ಪುಯೆಬ್ಲಾದಲ್ಲಿ ಮೆಕ್ಸಿಕೋ ಸೈನ್ಯ ಫ್ರೆಂಚರನ್ನು ಸೋಲಿಸಿದ ದಿನ. ಪುಯೆಬ್ಲಾ ಬಿಟ್ಟರೆ ಮೆಕ್ಸಿಕೋದಲ್ಲಿ ಅದು ಅಷ್ಟೇನೂ ದೊಡ್ಡದಲ್ಲ. ಅವರ ಸ್ವಾತಂತ್ರ್ಯದ ಹಬ್ಬ ಸೆಪ್ಟೆಂಬರ್ 16. ಮೇ 5ನ್ನು ಅಮೆರಿಕದಲ್ಲಿ ಮೊದಲು ಆಚರಿಸಿದ್ದು ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದವರು, ಆ ಯುದ್ಧದ ಕಾಲದಲ್ಲೇ. 1960, 70ರ ದಶಕದಲ್ಲಿ ಚಿಕಾನೋ ಹೋರಾಟಗಾರರು, ಅಂದರೆ ಮೆಕ್ಸಿಕನ್ ಅಮೆರಿಕನ್ನರ ಹಕ್ಕಿಗಾಗಿ ಹೋರಾಡಿದವರು, ಅದಕ್ಕೆ ಹೊಸ ಬಲ ಕೊಟ್ಟರು. ಬಿಯರ್ ಮತ್ತು ಮದ್ಯದ ಕಂಪನಿಗಳು ಬಂದದ್ದು ಅದಾದ ಮೇಲೆ. ಈಗ ಆ ದಿನ ಪ್ಲಾಸ್ಟಿಕ್ ಸೊಂಬ್ರೆರೋ, ಅಂಟಿಸಿದ ಮೀಸೆ ಹಾಕಿಕೊಂಡು ಶಾಟ್ ಹೊಡೆಯುವವರನ್ನು ನೋಡಿದರೆ ನನ್ನ ಸಹೋದ್ಯೋಗಿಗಳು ಬೇರೆ ರಸ್ತೆ ಹಿಡಿಯುತ್ತಾರೆ. ಅದು ನ್ಯಾಯವೇ.

ಇವರ ಮನೆಗಳಲ್ಲಿ ಟಕೀಲಾ ಬೇರೆ ತರಹ. ಮದುವೆಯಲ್ಲಿ, ಹುಡುಗಿಗೆ 15 ತುಂಬಿದಾಗ ಮಾಡುವ ಕಿನ್ಸೆಆನ್ಯೇರಾದಲ್ಲಿ ಹಿರಿಯರ ಮೇಜಿಗೆ ಒಂದು ಬಾಟಲಿ ಬರುತ್ತದೆ. ಮೊದಲ ಗ್ಲಾಸು ಯಾರಿಗೆ ಅನ್ನುವುದರಲ್ಲಿ ಮರ್ಯಾದೆಯ ಲೆಕ್ಕ ಇರುತ್ತದೆ. ನವೆಂಬರ್ ಮೊದಲ ವಾರ ಸತ್ತವರ ದಿನ ಬಂದಾಗ, ಅಜ್ಜನ ಫೋಟೋ ಮುಂದೆ ಚೆಂಡುಹೂವು, ರೊಟ್ಟಿ, ಅವನಿಗಿಷ್ಟವಾದ ಟಕೀಲಾದ ಒಂದು ಪುಟ್ಟ ಗ್ಲಾಸು. ನಮ್ಮ ಕಡೆ ಮಾಲಯ ಅಮಾವಾಸ್ಯೆಗೆ ಎಷ್ಟೋ ಮನೆಗಳಲ್ಲಿ ಎಡೆ ಇಡುವಾಗ ತೀರಿಹೋದವರ ಬ್ರಾಂಡನ್ನೇ ಹುಡುಕಿ ತರುತ್ತಾರಲ್ಲ, ಥೇಟ್ ಹಾಗೆ.

ಕೆಡಿಸಿದವರು ಯಾರೂ ಇಲ್ಲವೇ ಇಲ್ಲವಾ ಅಂದರೆ, ನನ್ನ ಸಿಟ್ಟು ಇರುವುದು ದುಡ್ಡಿನ ಮೇಲೆ. ಹಾಲಿವುಡ್ ನಟ ಜಾರ್ಜ್ ಕ್ಲೂನಿ ಮತ್ತು ಗೆಳೆಯರು 2013ರಲ್ಲಿ ಶುರು ಮಾಡಿದ ಕಾಸಾಮಿಗೋಸ್ ಬ್ರಾಂಡನ್ನು 2017ರಲ್ಲಿ ಡಿಯಾಜಿಯೋ ಕಂಪನಿ 100 ಕೋಟಿ ಡಾಲರ್‌ವರೆಗಿನ ಬೆಲೆಗೆ ಕೊಂಡಿತು. ಆಮೇಲೆ ಪ್ರತಿಯೊಬ್ಬ ತಾರೆಗೂ ಒಂದು ಟಕೀಲಾ. 2021ರಲ್ಲಿ ಮಾಡೆಲ್ ಕೆಂಡಲ್ ಜೆನ್ನರ್ ತನ್ನ ಟಕೀಲಾಗಾಗಿ ಜಡೆ ಹೆಣೆದು, ಟೋಪಿ ಹಾಕಿ ಅಗಾವೆ ಹೊಲದಲ್ಲಿ ಓಡಾಡಿದ ಜಾಹೀರಾತಿಗೆ ಮೆಕ್ಸಿಕನ್ ಅಮೆರಿಕನ್ನರಿಂದ ಚೆನ್ನಾಗಿ ಬೈಗುಳ ಬಿತ್ತು. ಆದರೆ ಜಡೆಗಿಂತ ದೊಡ್ಡ ತೊಂದರೆ ಹೊಲದಲ್ಲಿದೆ. ಬೇಡಿಕೆ ಏರಿದಾಗ ಅಗಾವೆ ಕಿಲೋಗೆ 30 ಪೆಸೋ ಹತ್ತಿರ ಹೋಯಿತು. ಎಲ್ಲರೂ ನೆಟ್ಟರು. ಆರೇಳು ವರ್ಷಕ್ಕೆ ಎಲ್ಲವೂ ಒಟ್ಟಿಗೆ ಬಲಿತು, ಬೆಲೆ ಒಂದಂಕಿಗೆ ಕುಸಿಯಿತು. ಅಂಗಡಿಯಲ್ಲಿ ಬಾಟಲಿಯ ಬೆಲೆ ಹಾಗೆ ಕುಸಿದದ್ದು ನಾನು ಕಾಣಲಿಲ್ಲ. ಬೇಗ ಬೆಳೆಯಲಿ ಅಂತ ಬೀಜ ಬಿಟ್ಟು ಮರಿಗಿಡಗಳನ್ನೇ ನೆಡುತ್ತಾರೆ, ಹೂವಿನ ಕಂಬ ಮೇಲೇಳುವಾಗಲೇ ಕತ್ತರಿಸುತ್ತಾರೆ. ಹೊಲದ ತುಂಬ ಒಂದೇ ಗಿಡದ ಪಡಿಯಚ್ಚುಗಳು. ಒಂದು ರೋಗ ಬಂದರೆ ಎಲ್ಲಕ್ಕೂ ಬರುತ್ತದೆ. ಆ ಹೂವಿನ ಮಕರಂದ ನಂಬಿದ ಬಾವಲಿಗಳಿಗೂ ಊಟವಿಲ್ಲ.

ಈಗ ಹುಳು. ಟಕೀಲಾದಲ್ಲಿ ಹುಳು ಇರುವುದಿಲ್ಲ. ಅದು ಅಗಾವೆಯದೇ ಇನ್ನೊಂದು ಮದ್ಯವಾದ ಮೆಸ್ಕಾಲ್‌ನ ಕೆಲವು ಬಾಟಲಿಗಳಲ್ಲಿ ಇರುವ ಅಗಾವೆ ಪತಂಗದ ಮರಿ, ಮಾರಾಟದ ಗಿಮಿಕ್ಕು.

ಕತ್ತಾಳೆ ವಿಷಯ. ನಮ್ಮ ಬೇಲಿಯ ಕತ್ತಾಳೆಯೂ ಮೆಕ್ಸಿಕೋ ಕಡೆಯಿಂದಲೇ ಬಂದದ್ದು, ನೀಲಿ ಅಗಾವೆಯ ದಾಯಾದಿ, ಅದೇ ಗಿಡ ಅಲ್ಲ. 1974ರಿಂದ ಟಕೀಲಾ ಹೆಸರಿಗೆ ಕಾನೂನಿನ ಬೇಲಿ ಇದೆ. ಹಲಿಸ್ಕೋ ಮತ್ತು ಇನ್ನು ನಾಲ್ಕು ರಾಜ್ಯಗಳ ನಿಗದಿತ ಜಾಗದಲ್ಲಿ, ನೀಲಿ ಅಗಾವೆಯಿಂದ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಆದರೆ ದಖನ್ನಿನ ಕತ್ತಾಳೆಯಿಂದ ಮದ್ಯ ಮಾಡುವವರು ಇದ್ದಾರೆ. ಡೆಸ್ಮಂಡ್ ನಜರೆತ್ ಅನ್ನುವವರು ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಭಟ್ಟಿ ಹಾಕಿ, 2011ರಿಂದ ಮಾರುತ್ತಿದ್ದಾರೆ, ಟಕೀಲಾ ಅನ್ನದೆ ಅಗಾವೆ ಸ್ಪಿರಿಟ್ ಅಂತ. ನಿಜವಾದ ಟಕೀಲಾವನ್ನೇ ಕೊಳ್ಳುವುದಾದರೆ ಲೇಬಲ್‌ನಲ್ಲಿ "ಶೇ 100 ಅಗಾವೆ" ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಶೇ 49ರವರೆಗೂ ಬೇರೆ ಸಕ್ಕರೆ ಇರಬಹುದು. ನಿಮಗೆ ಆ ಉಪ್ಪು, ನಿಂಬೆ ಬೇಕೆನಿಸುವುದು ಜಾಸ್ತಿ ಆ ಬಾಟಲಿಗೇ.