ಎಲ್‌ಟಿ2 ಜಗಲಿಯಲ್ಲೇ ಉಳಿದಿದೆ

ಪ್ರಿಯ ಲೇಖಕರೇ,

ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಹಾಗೆಂದು ಕೈಬಿಡಬೇಡಿ, ನಿಮ್ಮ ವಾಕ್ಯಗಳಿಗೆ ಓಟವಿದೆ, ವಿಷಯದ ಮೇಲೆ ಪ್ರೀತಿಯೂ ಇದೆ.

ತೊಡಕಿರುವುದು ಮೂಲ ಮಾತಿನಲ್ಲೇ. ‘ಉತ್ಪರಿವರ್ತನೆಯಾದಂತೆಲ್ಲ ರೋಗಾಣು ಬಲಿಯುತ್ತದೆ’ ಎಂದು ಮೂರು ಕಡೆ ಬರೆದಿದ್ದೀರಿ. ಉತ್ಪರಿವರ್ತನೆ ಎಂದರೆ ಜೀನಿನ ಬರಹದಲ್ಲಾಗುವ ಬದಲಾವಣೆ, ಸರಿ. ಎಲ್ಲಿ ಬಲಿಯುತ್ತದೆ, ಏನನ್ನು ಎದುರಿಸಲು ಎಂದು ಒಮ್ಮೆಯೂ ಕೇಳಿಕೊಂಡಿಲ್ಲ.

ನೀವು ಒಂದೇ ಸಾಲಿನಲ್ಲಿ ಹೆಸರಿಸಿ ದಾಟಿಹೋದ ಎಲ್‌ಟಿ2 ತಳಿಯನ್ನೇ ನೋಡಿ. ಪ್ರಯೋಗಾಲಯಗಳು ದಶಕಗಳಿಂದ ಸಾಕಿಕೊಂಡು ಬಂದ ಸಾಲ್ಮೊನೆಲ್ಲಾ ಇದು. ಇದರ ಆರ್‌ಪಿಒಎಸ್ ಜೀನಿನ ಆರಂಭ ಸಂಕೇತ, ಅಂದರೆ ಪ್ರೋಟೀನಿನ ತಯಾರಿ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಮೂರಕ್ಷರ, ಎಯುಜಿ ಇರಬೇಕಾದಲ್ಲಿ ಯುಯುಜಿ ಆಗಿದೆ. ಒಂದೇ ಒಂದು ಅಕ್ಷರ! ಅಷ್ಟಕ್ಕೇ ಆ ಜೀನಿನ ಸಿಗ್ಮಾ ಪ್ರೋಟೀನು ಸಾಕಷ್ಟು ತಯಾರಾಗುವುದಿಲ್ಲ. ಹಸಿವು, ಆಮ್ಲ ಎದುರಾದಾಗ ರಕ್ಷಣೆಯ ಜೀನುಗಳನ್ನು ಎಬ್ಬಿಸುವುದು ಆ ಪ್ರೋಟೀನು. ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್‌ಎ ಉಂಗುರದಲ್ಲಿರುವ ಎಸ್‌ಪಿವಿ ಎಂಬ ರೋಗಕಾರಕ ಜೀನುಗಳನ್ನು ಎಬ್ಬಿಸುವುದೂ ಅದೇ. ಹಾಗಾಗಿ ಎಲ್‌ಟಿ2 ಆಮ್ಲಕ್ಕೂ ಬೇಗ ಸೋಲುತ್ತದೆ, ಇಲಿಗಳಲ್ಲಿ ರೋಗ ತರುವುದರಲ್ಲೂ ಹಿಂದೆ ಬೀಳುತ್ತದೆ. ಸರಿಯಾದ ಜೀನನ್ನು ಕೂಡಿಸಿದಾಗ ಅದರ ರೋಗಕಾರಕ ಶಕ್ತಿ ಏರಿದ್ದನ್ನು 1997ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ.

ಇಂಥ ಕುಂದು ಇಷ್ಟು ಕಾಲ ಉಳಿದದ್ದು ಹೇಗೆ? ಗಾಜಿನ ಬುಡ್ಡಿಯಲ್ಲಿ ಹೊಟ್ಟೆಯ ಆಮ್ಲವಿಲ್ಲ, ಅಟ್ಟಿಸಿಕೊಂಡು ಬರುವ ಬಿಳಿ ರಕ್ತಕಣಗಳಿಲ್ಲ. ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಂತೂ, ಆಹಾರ ಮುಗಿದ ದ್ರಾವಣದಲ್ಲಿ ದಿನಗಟ್ಟಲೆ ಬಿಟ್ಟರೆ, ಇದೇ ಜೀನು ಮಂಕಾದ ಕೋಶಗಳು ಉಳಿದವನ್ನು ಹಿಂದಿಕ್ಕಿ ತುಂಬಿಕೊಳ್ಳುತ್ತವೆ. ಬುಡ್ಡಿಯಲ್ಲಿ ಗೆಲ್ಲುವುದು ದೇಹದೊಳಗೆ ಸೋಲಬಹುದು. ಇದನ್ನು ನೀವು ಜಗಲಿಯಲ್ಲೇ ನಿಲ್ಲಿಸಿಬಿಟ್ಟಿದ್ದೀರಿ, ನಡುಮನೆಗೆ ಕರೆಯಬೇಕಿತ್ತು.

‘ಆ್ಯಂಟಿಬಯೋಟಿಕ್ ಕಂಡೊಡನೆ ರೋಗಾಣು ತನ್ನ ಜೀನು ಬದಲಿಸಿಕೊಳ್ಳುತ್ತದೆ’ ಎಂಬ ವಾಕ್ಯವನ್ನು ತೆಗೆಯಲೇಬೇಕು. ಬ್ಯಾಕ್ಟೀರಿಯಾಗಳಲ್ಲಿ ನಿರೋಧಕ ಉತ್ಪರಿವರ್ತನೆಗಳು ದಾಳಿಗೂ ಮುಂಚೆಯೇ ಆಕಸ್ಮಿಕವಾಗಿ ಹುಟ್ಟಿರುತ್ತವೆ ಎಂದು ವಿಜ್ಞಾನಿಗಳಾದ ಲೂರಿಯಾ ಮತ್ತು ಡೆಲ್‌ಬ್ರೂಕ್ 1943ರಲ್ಲೇ ಬ್ಯಾಕ್ಟೀರಿಯಾಗಳ ಮೇಲೆ ದಾಳಿಮಾಡುವ ವೈರಸ್‌ಗಳನ್ನು ಬಳಸಿ ತೋರಿಸಿದರು. ಒತ್ತಡದಲ್ಲಿ ಉತ್ಪರಿವರ್ತನೆಯ ವೇಗ ಏರಬಹುದು, ನಿಜ. ಆದರೆ ರೋಗಾಣು ತನಗೆ ಬೇಕಾದ ಬದಲಾವಣೆಯನ್ನೇ ಆರಿಸಿ ತಂದುಕೊಳ್ಳಲಾರದು.

‘ಒತ್ತಡ’ ಎಂದೊಡನೆ ನಮ್ಮ ಓದುಗರಿಗೆ ಪರೀಕ್ಷೆ, ಕಚೇರಿ ನೆನಪಾಗುತ್ತದೆ. ಮೊದಲ ಸಲ ಬಂದಲ್ಲೇ ಹಸಿವು, ಆಮ್ಲ, ಬಿಸಿ ಎಂದು ಬಿಡಿಸಿ ಹೇಳಿ. ಒಮ್ಮೆ ‘ರೂಪಾಂತರ’, ಒಮ್ಮೆ ‘ಉತ್ಪರಿವರ್ತನೆ’ ಬೇಡ, ಎರಡನೆಯದನ್ನೇ ಇಟ್ಟುಕೊಳ್ಳಿ.

ಪೀಠಿಕೆಯ ಎರಡು ಪುಟ ಬಿಟ್ಟು, ಎಲ್‌ಟಿ2ಯ ಆ ಒಂದು ಅಕ್ಷರದಿಂದ ಶುರುಮಾಡಿ ಮತ್ತೆ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.

— ಸಂಪಾದಕಿ